ದುಡಿದವರ ಬಾಯಿಯ ರೊಟ್ಟಿ

(ವಿದ್ಯಾರ್ಥಿನಿಲಯದ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ಇವತ್ತು ಒಂದೇ ಒಂದು ದಿನದ ಬಗ್ಗೆ ಮಾತಾಡ್ತೀನಿ. 1801ನೇ ಇಸವಿ ಮಾರ್ಚ್ 4, ಬುಧವಾರ. ಅಮೆರಿಕಾದ ಮೂರನೇ ಅಧ್ಯಕ್ಷನಾಗಿ ಥಾಮಸ್ ಜೆಫರ್ಸನ್ ಪ್ರಮಾಣ ವಚನ ತಗೊಂಡ ದಿನ ಅದು.

ಇನ್ನೂರು ವರ್ಷದ ಹಿಂದಿನ ಪರದೇಶದ ಕತೆ ನಮಗ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಚರಿತ್ರೆಯ ಪುಸ್ತಕದಲ್ಲಿ ಜೆಫರ್ಸನ್ ಅಂದರೆ 1776ರ ಸ್ವಾತಂತ್ರ್ಯ ಘೋಷಣೆ ಬರೆದವನು, ಎಲ್ಲ ಮನುಷ್ಯರೂ ಸಮಾನರು ಅಂದವನು ಅಂತ ಒಂದು ಸಾಲು ಇರುತ್ತೆ. ಪರೀಕ್ಷೆಗೆ ಆ ಸಾಲು ಸಾಕು. ಆದರೆ ಪ್ರಜಾಪ್ರಭುತ್ವದ ದೊಡ್ಡ ಸಮಾರಂಭವೊಂದನ್ನ ನೋಡಿದಾಗ ವೇದಿಕೆ ಮೇಲೆ ನಿಂತವನನ್ನ ಮಾತ್ರ ನೋಡಬೇಕೋ, ಇಲ್ಲಾ ವೇದಿಕೆಯ ಕೆಳಗೆ, ಗೋಡೆಯ ಆಚೆಗೆ ಇರುವವರನ್ನೂ ನೋಡಬೇಕೋ ಅನ್ನೋದನ್ನ ಆ ಸಾಲು ಹೇಳಿಕೊಡೋದಿಲ್ಲ. ಅದನ್ನ ಕಲಿಯೋದಕ್ಕೆ ಈ ದಿನಕ್ಕಿಂತ ಒಳ್ಳೆ ಪಾಠ ಕಡಿಮೆ.

ಮೊದಲು ಆ ದಿನ ಏನಾಯ್ತು ಅಂತ ಹೇಳ್ತೀನಿ.

ವಾಷಿಂಗ್ಟನ್ ಆಗ ಪಟ್ಟಣ ಅನ್ನಿಸಿಕೊಳ್ಳೋ ಹಂಗೆ ಇರಲಿಲ್ಲ. ಕಾಡು ಕಡಿದು, ಕೆಸರಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ ಎದ್ದಿದ್ದ ಜಾಗ. ಸರ್ಕಾರ ಅಲ್ಲಿಗೆ ಬಂದಿದ್ದೇ ಹಿಂದಿನ ವರ್ಷ, 1800ರಲ್ಲಿ. ಕ್ಯಾಪಿಟಲ್ ಅನ್ನೋ ಶಾಸನಸಭೆಯ ಕಟ್ಟಡದಲ್ಲಿ ಉತ್ತರದ ಭಾಗ ಮಾತ್ರ ಮುಗಿದಿತ್ತು. ಜೆಫರ್ಸನ್ ಹತ್ತಿರದ ಒಂದು ಬೋರ್ಡಿಂಗ್ ಮನೆಯಲ್ಲಿ ಇಳಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ನಡಕೊಂಡೇ ಕ್ಯಾಪಿಟಲ್‌ಗೆ ಬಂದ. ಅವನ ಹಿಂದಿನ ಅಧ್ಯಕ್ಷ ಜಾನ್ ಆಡಮ್ಸ್ 1797ರಲ್ಲಿ ಸಾರೋಟಿನಲ್ಲಿ ಬಂದು, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಪ್ರಮಾಣ ತಗೊಂಡಿದ್ದ. ಇವನಿಗೆ ಸಾರೋಟಿಲ್ಲ, ಕತ್ತಿಯಿಲ್ಲ, ಸಾದಾ ಬಟ್ಟೆ. ರಾಜಗಾಂಭೀರ್ಯ ನಮಗೆ ಬೇಡ, ನಾವು ಪ್ರಜೆಗಳು ಅಂತ ತೋರಿಸೋ ನಡಿಗೆ ಅದು.

ಸೋತ ಆಡಮ್ಸ್ ಸಭೆಗೆ ಬರಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೇ ಗಾಡಿ ಹತ್ತಿ ಊರ ಕಡೆ ಹೊರಟುಬಿಟ್ಟಿದ್ದ.

ಸೆನೆಟ್ ಸಭಾಂಗಣ ಕಿಕ್ಕಿರಿದಿತ್ತು. ಜೆಫರ್ಸನ್ ಒಳ್ಳೆ ಬರಹಗಾರ, ಆದರೆ ಭಾಷಣಕಾರ ಅಲ್ಲ. ಧ್ವನಿ ಎಷ್ಟು ಸಣ್ಣದಾಗಿತ್ತು ಅಂದರೆ ಮುಂದಿನ ಸಾಲಿನವರನ್ನ ಬಿಟ್ಟು ಹೆಚ್ಚಿನವರಿಗೆ ಏನೂ ಕೇಳಿಸಲಿಲ್ಲ. ಭಾಷಣವನ್ನ ಮೊದಲೇ ಪತ್ರಿಕೆಯವರಿಗೆ ಕೊಟ್ಟಿದ್ದರಿಂದ ಅವತ್ತೇ ಅಚ್ಚಾಗಿ ಜನರ ಕೈಗೆ ಬಂತು. ಭಾಷಣ ಆದ ಮೇಲೆ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಪ್ರಮಾಣ ಬೋಧಿಸಿದ.

ಈ ದಿನಕ್ಕೆ ಒಂದು ನಿಜವಾದ ದೊಡ್ಡತನ ಇದೆ. ಅದನ್ನ ನಾವು ಮುಚ್ಚಿಡಬಾರದು. ಅಧಿಕಾರದಲ್ಲಿದ್ದ ಪಕ್ಷ ಚುನಾವಣೆಯಲ್ಲಿ ಸೋತು, ವಿರೋಧ ಪಕ್ಷಕ್ಕೆ ಅಧಿಕಾರ ಬಿಟ್ಟುಕೊಟ್ಟಿದ್ದು ಆ ದೇಶದಲ್ಲಿ ಅದೇ ಮೊದಲು. ಅದೂ ಸುಲಭವಾಗಿ ಆಗಲಿಲ್ಲ. ಆ ಕಾಲದ ನಿಯಮದ ಪ್ರಕಾರ ಪ್ರತಿಯೊಬ್ಬ ಎಲೆಕ್ಟರನಿಗೆ, ಅಂದರೆ ಅಧ್ಯಕ್ಷನನ್ನ ಆರಿಸೋ ಪ್ರತಿನಿಧಿಗೆ, ಎರಡು ಓಟು. ಯಾರು ಅಧ್ಯಕ್ಷ, ಯಾರು ಉಪಾಧ್ಯಕ್ಷ ಅಂತ ಬೇರೆ ಮಾಡಿ ಹೇಳೋ ಹಾಗಿರಲಿಲ್ಲ. ಹಾಗಾಗಿ ಜೆಫರ್ಸನ್‌ಗೂ ಅವನದೇ ಪಕ್ಷದ ಆರನ್ ಬರ್‌ಗೂ ತಲಾ 73 ಓಟು ಬಂದು ಸಮ ಆಯ್ತು. ಆಡಮ್ಸ್‌ಗೆ 65. ತೀರ್ಮಾನ ಕೆಳಮನೆಗೆ ಹೋಯ್ತು. ಅಲ್ಲಿ ಫೆಬ್ರವರಿ 11ರಿಂದ 17ರವರೆಗೆ 36 ಸಲ ಮತ ಹಾಕಿದರು. 35 ಸಲ ತೀರ್ಮಾನ ಆಗಲಿಲ್ಲ. ಎರಡು ರಾಜ್ಯಗಳ ಗವರ್ನರುಗಳು ಸೈನ್ಯ ಸಜ್ಜು ಮಾಡಿಕೊಳ್ಳೋ ಮಟ್ಟಕ್ಕೆ ಹೋಗಿತ್ತು. 36ನೇ ಸಲ ಜೆಫರ್ಸನ್ ಗೆದ್ದ. ರಕ್ತ ಹರಿಯಲಿಲ್ಲ. ಕಾಗದದ ಚೀಟಿ ಗೆದ್ದಿತು, ಕತ್ತಿ ಗೆಲ್ಲಲಿಲ್ಲ.

ಭಾಷಣದಲ್ಲಿ ಅವನು ಏನಂದ? ಬೇರೆ ಬೇರೆ ಪಕ್ಷದವರಾದರೂ ನಾವೆಲ್ಲ ಒಂದೇ ಅಂದ. ಬಹುಮತದ ಇಷ್ಟವೇ ನಡೀಬೇಕು, ಆದರೆ ಅಲ್ಪಸಂಖ್ಯಾತರಿಗೂ ಸಮಾನ ಹಕ್ಕಿದೆ, ಅದನ್ನ ತುಳಿದರೆ ಅದು ದಬ್ಬಾಳಿಕೆ ಅಂದ. ಎಲ್ಲರಿಗೂ ಸಮನಾದ ನ್ಯಾಯ ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ. ಇದನ್ನ ನೀವು ನೆನಪಿಟ್ಟುಕೊಳ್ಳಬೇಕು. ಒಳ್ಳೆ ಸರ್ಕಾರ ಅಂದರೆ ದುಡಿದವರು ಸಂಪಾದಿಸಿದ ರೊಟ್ಟಿಯನ್ನ ಅವರ ಬಾಯಿಂದ ಕಿತ್ತುಕೊಳ್ಳದ ಸರ್ಕಾರ ಅಂದ.

ಎಂಥಾ ಮಾತು! ನಾವೂ ನೀವೂ ಗೋಡೆ ಮೇಲೆ ಬರೆಯಬಹುದಾದ ಮಾತು. ಅವನು ಹೇಳಿದ್ದು ಸರ್ಕಾರ ಹಾಕೋ ತೆರಿಗೆಯ ಬಗ್ಗೆ. ಆದರೆ ಮಾತು ಹೊರಗೆ ಬಂದ ಮೇಲೆ ಅದು ಆಡಿದವನ ಸ್ವತ್ತಲ್ಲ. ಇದೇ ಮಾತನ್ನ ಹಿಡಕೊಂಡು ಆ ಸಭಾಂಗಣವನ್ನ ಸ್ವಲ್ಪ ತಡಕೋಣ.

ಮೊದಲನೇ ಪ್ರಶ್ನೆ. ಆ ಸಭಾಂಗಣವನ್ನ ಕಟ್ಟಿದವರು ಯಾರು?

ಕ್ಯಾಪಿಟಲ್‌ಗೆ 1793ರಲ್ಲಿ ಜಾರ್ಜ್ ವಾಷಿಂಗ್ಟನ್ ಅಡಿಗಲ್ಲು ಇಟ್ಟ. ಆ ಚಿತ್ರ ಪುಸ್ತಕಗಳಲ್ಲಿದೆ. ಅಡಿಗಲ್ಲಿನ ಮೇಲಿನ ಕಲ್ಲುಗಳನ್ನ ಇಟ್ಟವರಲ್ಲಿ ಬಹಳ ಜನ ಗುಲಾಮರು. ವರ್ಜೀನಿಯಾದ ಅಕ್ವಿಯಾ ಅನ್ನೋ ಕಡೆಯ ಗಣಿಯಲ್ಲಿ ಮರಳುಗಲ್ಲು ಸೀಳಿದವರು, ಮರ ಕಡಿದು ಗರಗಸ ಎಳೆದವರು, ಇಟ್ಟಿಗೆ ಸುಟ್ಟವರು, ಹೊತ್ತವರು. ಊರು ಕಟ್ಟೋ ಉಸ್ತುವಾರಿ ಹೊತ್ತ ಕಮಿಷನರುಗಳು ಈ ಆಳುಗಳನ್ನ ಒಡೆಯರಿಂದ ಬಾಡಿಗೆಗೆ ಪಡೀತಿದ್ದರು. ಎತ್ತು, ಗಾಡಿ ಬಾಡಿಗೆಗೆ ತಗೊಳ್ಳೋ ಹಂಗೆ. ಕೂಲಿ ಒಡೆಯನ ಕೈಗೆ ಹೋಗ್ತಿತ್ತು. ಆ ಬಟವಾಡೆಯ ಲೆಕ್ಕದ ಕಾಗದಗಳು ಇವತ್ತೂ ಉಳಿದಿವೆ. ದುಡಿದವನ ಹೆಸರು ಒಂದು ಕಡೆ, ದುಡ್ಡು ತಗೊಂಡವನ ರುಜು ಇನ್ನೊಂದು ಕಡೆ.

ದುಡಿದವರ ಬಾಯಿಂದ ರೊಟ್ಟಿ ಕಿತ್ತುಕೊಳ್ಳಬಾರದು ಅನ್ನೋ ಮಾತು ಮೊಳಗಿದ್ದು ಆ ಗೋಡೆಗಳ ನಡುವೆ. ಇದನ್ನ ಅಮೆರಿಕಾದ ಸಂಸತ್ತು ಒಪ್ಪಿಕೊಂಡು, ಆ ಗುಲಾಮರ ದುಡಿಮೆಯ ನೆನಪಿಗೆ ಕ್ಯಾಪಿಟಲ್ ಒಳಗೆ ಅದೇ ಮರಳುಗಲ್ಲಿನ ಒಂದು ತುಂಡಿಟ್ಟು ಫಲಕ ಹಾಕಿದ್ದು 2012ರಲ್ಲಿ. ಲೆಕ್ಕ ಹಾಕಿ. ಎಷ್ಟು ವರ್ಷ ಆಯ್ತು ನೋಡಿ.

ಎರಡನೇ ಪ್ರಶ್ನೆ. ಜೆಫರ್ಸನ್‌ನನ್ನ ಗೆಲ್ಲಿಸಿದ ಲೆಕ್ಕ ಯಾವುದು?

ಇಲ್ಲಿ ಸ್ವಲ್ಪ ಗಮನ ಇಟ್ಟು ಕೇಳಿ, ಇದು ಗಣಿತ. 1787ರಲ್ಲಿ ಸಂವಿಧಾನ ಬರೆಯೋವಾಗ ಒಂದು ಜಗಳ ಬಂತು. ಜನಸಂಖ್ಯೆ ನೋಡಿ ರಾಜ್ಯಗಳಿಗೆ ಸೀಟು ಹಂಚಬೇಕು. ಗುಲಾಮರನ್ನ ಎಣಿಸಬೇಕೋ ಬೇಡವೋ? ಎಣಿಸಬೇಕು ಅಂತ ಹಟ ಹಿಡಿದವರು ಯಾರು ಗೊತ್ತಾ? ಗುಲಾಮರ ಒಡೆಯರು! ಮಾರೋವಾಗ ಕೊಳ್ಳೋವಾಗ ಅವರು ಸರಕು, ಸೀಟು ಎಣಿಸೋವಾಗ ಮಾತ್ರ ಮನುಷ್ಯರು. ಬೇಡ ಅಂದವರು ಉತ್ತರದ ರಾಜ್ಯದವರು. ಕೊನೆಗೆ ರಾಜಿ ಆಯ್ತು. ಐದು ಜನ ಗುಲಾಮರಿದ್ದರೆ ಮೂರು ಅಂತ ಎಣಿಸೋದು. ಐದನೇ ಮೂರರ ನಿಯಮ ಅಂದರೆ ಇದು. ಹೀಗೆ ಬರೆದ ಸಂವಿಧಾನದಲ್ಲಿ ಗುಲಾಮ ಅನ್ನೋ ಪದ ಹುಡುಕಿದರೂ ಸಿಗೋದಿಲ್ಲ. 'ಇತರೆ ವ್ಯಕ್ತಿಗಳು' ಅಂತ ಬರೆದಿದ್ದಾರೆ. ನಾಚಿಕೆ ಇದ್ದದ್ದು ಪದ ಬಳಸೋದಕ್ಕೆ, ಕೆಲಸ ಮಾಡೋದಕ್ಕೆ ಅಲ್ಲ.

ಕರಿಯರನ್ನ ಮುಕ್ಕಾಲು ಮನುಷ್ಯರು ಅಂತ ಕೂಡ ಒಪ್ಪಲಿಲ್ಲವಲ್ಲ ಅಂತ ಕೆಲವರು ಮರುಗ್ತಾರೆ. ಅದು ತಪ್ಪು ತಿಳುವಳಿಕೆ. ಪೂರಾ ಎಣಿಸಿದ್ದರೆ ಒಡೆಯನಿಗೆ ಇನ್ನೂ ಹೆಚ್ಚು ಸೀಟು ಬರ್ತಿತ್ತು. ಎಣಿಸದೇ ಬಿಟ್ಟಿದ್ದರೆ ಒಡೆಯನ ಬಲ ಕುಗ್ತಿತ್ತು. ಯಾಕೆಂದರೆ ಎಣಿಕೆ ಗುಲಾಮನದು, ಓಟು ಒಡೆಯನದು.

ಒಂದು ಹಾಸ್ಟೆಲ್ಲು ಅಂತ ಇಟ್ಟುಕೊಳ್ಳಿ. ಹಾಜರಿ ಪುಸ್ತಕದಲ್ಲಿ ನೂರು ಹುಡುಗರ ಹೆಸರು. ಆ ನೂರು ಹೆಸರು ತೋರಿಸಿ ಅಕ್ಕಿ, ಬೇಳೆ, ಎಣ್ಣೆ ಮಂಜೂರಾಗುತ್ತೆ. ಮೂಟೆ ಮಾತ್ರ ಇನ್ಯಾರದೋ ಮನೆಗೆ ಹೋಗುತ್ತೆ. ಹೆಸರು ಹುಡುಗರದು, ಅಕ್ಕಿ ಇನ್ನೊಬ್ಬನದು. ಐದನೇ ಮೂರರ ನಿಯಮ ಇದೇ.

ಈಗ ಅಂಕಿಗಳನ್ನ ನೋಡಿ. 1790ರ ಜನಗಣತಿಯಲ್ಲಿ ಅಮೆರಿಕಾದ ಜನಸಂಖ್ಯೆ ಸುಮಾರು 39 ಲಕ್ಷ. ಅದರಲ್ಲಿ ಸುಮಾರು 7 ಲಕ್ಷ ಗುಲಾಮರು. ಜೆಫರ್ಸನ್‌ನ ರಾಜ್ಯ ವರ್ಜೀನಿಯಾದಲ್ಲಿ ಸ್ವತಂತ್ರರು ಸುಮಾರು 4 ಲಕ್ಷ 55 ಸಾವಿರ, ಗುಲಾಮರು 2 ಲಕ್ಷ 92 ಸಾವಿರಕ್ಕೂ ಹೆಚ್ಚು. ಉತ್ತರದ ಪೆನ್ಸಿಲ್ವೇನಿಯಾದಲ್ಲಿ ಒಟ್ಟು ಜನ 4 ಲಕ್ಷ 34 ಸಾವಿರ, ಗುಲಾಮರು 4 ಸಾವಿರಕ್ಕೂ ಕಡಿಮೆ. ಸ್ವತಂತ್ರ ಜನರ ಲೆಕ್ಕದಲ್ಲಿ ಎರಡೂ ರಾಜ್ಯ ಹೆಚ್ಚೂ ಕಮ್ಮಿ ಸರಿಸಮ. ಎಣಿಕೆಯ 33,000 ಜನಕ್ಕೆ ಒಂದು ಸೀಟಿನಂತೆ ಹಂಚಿದಾಗ ಪೆನ್ಸಿಲ್ವೇನಿಯಾಕ್ಕೆ 13 ಸೀಟು ಬಂತು, ವರ್ಜೀನಿಯಾಕ್ಕೆ 19. ಸೆನೆಟಿನ ಎರಡೆರಡು ಸೇರಿಸಿದರೆ ಎಲೆಕ್ಟರುಗಳು 15 ಮತ್ತು 21. ಗುಲಾಮರನ್ನ ಬಿಟ್ಟು ಬರೀ ಸ್ವತಂತ್ರರನ್ನ ಎಣಿಸಿದ್ದರೆ ವರ್ಜೀನಿಯಾಕ್ಕೂ 13 ಸೀಟೇ. ಅಂದರೆ ಆ ಒಂದು ರಾಜ್ಯದಲ್ಲೇ 6 ಓಟು ಗುಲಾಮರ ತಲೆ ಎಣಿಸಿ ಬಂದದ್ದು. ಆ 21 ಓಟೂ ಜೆಫರ್ಸನ್‌ಗೆ ಬಿದ್ದವು.

ಜೆಫರ್ಸನ್ 73, ಆಡಮ್ಸ್ 65. ಅಂತರ ಬರೀ 8. ದಕ್ಷಿಣದ ಎಲ್ಲ ರಾಜ್ಯಗಳನ್ನ ಸೇರಿಸಿದರೆ ಜೆಫರ್ಸನ್‌ಗೆ ಇಂಥ ಓಟು ಕಡೇಪಕ್ಷ ಒಂದು ಡಜನ್ ಬಂದಿದ್ದವು ಅಂತ ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಆಡಮ್ಸ್‌ಗೂ ಒಂದೆರಡು ಬಂದಿದ್ದವು. ಎರಡೂ ಕಡೆ ಕಳೆದುಬಿಟ್ಟರೆ ಗೆಲ್ಲೋನು ಆಡಮ್ಸ್. ಸ್ವಾತಂತ್ರ್ಯದ ದೇಗುಲಕ್ಕೆ ಈ ಮನುಷ್ಯ ಗುಲಾಮರ ಹೆಗಲ ಮೇಲೆ ಸವಾರಿ ಮಾಡಿಕೊಂಡು ಬರ್ತಿದ್ದಾನೆ ಅಂತ ಬಾಸ್ಟನ್ನಿನ ಒಂದು ಪತ್ರಿಕೆ ಆಗಲೇ ಬರೆದಿತ್ತು.

ನಡಕೊಂಡು ಬಂದ ಅಂದೆನಲ್ಲ, ಸಾರೋಟಿಲ್ಲದೆ? ಇದೇ ಅವನ ಸಾರೋಟು.

ಹಾಗಂತ ಆಡಮ್ಸ್ ಪಕ್ಷ ಗುಲಾಮರ ಪರ ಇತ್ತು ಅಂದುಕೊಳ್ಳಬೇಡಿ. ಆಡಮ್ಸ್ ತಾನು ಗುಲಾಮರನ್ನ ಇಟ್ಟುಕೊಂಡಿರಲಿಲ್ಲ, ನಿಜ. ಆದರೆ ಅವನ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಪಿಂಕ್ನಿ ದಕ್ಷಿಣ ಕೆರೊಲಿನಾದ ದೊಡ್ಡ ಗುಲಾಮರೊಡೆಯ. ಗುಲಾಮರ ಹೆಸರು ಇಬ್ಬರ ಬಾಯಲ್ಲೂ ಬಂತು, ಒಬ್ಬರನ್ನೊಬ್ಬರು ಬಯ್ಯೋದಕ್ಕೆ. ಈ ಚಾಳಿಯನ್ನ ನೀವು ಗುರುತು ಹಿಡೀಬೇಕು.

ಮೂರನೇ ಪ್ರಶ್ನೆ. ಅವತ್ತು ಆ ಸಭೆಯಲ್ಲಿ ಇರಬೇಕಾಗಿದ್ದು, ಇಲ್ಲದೇ ಹೋದವರು ಯಾರು?

ಒಬ್ಬನ ಹೆಸರು ಗೇಬ್ರಿಯಲ್. ವರ್ಜೀನಿಯಾದ ರಿಚ್ಮಂಡ್ ಪಟ್ಟಣದ ಹತ್ತಿರ ಕಮ್ಮಾರಿಕೆ ಮಾಡ್ತಿದ್ದ ಗುಲಾಮ. ಓದು ಬರಹ ಬಲ್ಲವನು. ಚುನಾವಣೆಯ ಕಾವೇರಿದ್ದ 1800ರ ಆಗಸ್ಟ್ 30ರ ರಾತ್ರಿ ದಂಗೆ ಏಳಬೇಕು ಅಂತ ಜನ ಕೂಡಿಸಿದ. ಒಡೆಯರು ಬ್ರಿಟಿಷರ ವಿರುದ್ಧ ಕೂಗಿದ್ದ ಸ್ವಾತಂತ್ರ್ಯ ಅನ್ನೋ ಅದೇ ಪದವನ್ನ ತಾನೂ ಕೈಗೆತ್ತಿಕೊಂಡ. ಆ ರಾತ್ರಿ ಭಾರೀ ಮಳೆ ಸುರಿದು ಹಾದಿ, ಸೇತುವೆ ಕೊಚ್ಚಿಹೋದವು. ಜೊತೆಗೇ ಇಬ್ಬರು ಒಡೆಯನಿಗೆ ಸುಳಿವು ಕೊಟ್ಟರು. ಅಕ್ಟೋಬರ್ 10ಕ್ಕೆ ಗೇಬ್ರಿಯಲ್‌ನನ್ನ ಗಲ್ಲಿಗೆ ಹಾಕಿದರು. ಒಟ್ಟು 26 ಜನ ನೇಣಿಗೆ ಹೋದರು. ಆಗ ಅಲ್ಲಿ ಗವರ್ನರ್ ಆಗಿದ್ದ ಜೇಮ್ಸ್ ಮನ್ರೋ ಸಲಹೆ ಕೇಳಿದಾಗ, ನೇಣು ಹಾಕಿದ್ದು ಸಾಕು ಅನ್ನೋ ಭಾವನೆ ಜನರಲ್ಲಿ ಬಲವಾಗಿದೆ ಅಂತ ಜೆಫರ್ಸನ್ ಉತ್ತರ ಬರೆದ. ಅವರು ಕೇಳಿದ್ದು ನ್ಯಾಯ ಅಂತ ಬಹಿರಂಗವಾಗಿ ಹೇಳಲಿಲ್ಲ. ಗೇಬ್ರಿಯಲ್ ಸತ್ತು ಐದು ತಿಂಗಳು ತುಂಬೋದರೊಳಗೆ ಎಲ್ಲರಿಗೂ ಸಮನಾದ ನ್ಯಾಯ ಅನ್ನೋ ಭಾಷಣ ಆಯ್ತು.

ಇನ್ನೊಬ್ಬನ ಹೆಸರು ಜೇಮ್ಸ್ ಹೆಮಿಂಗ್ಸ್. ಇವನ ಕತೆ ನನಗೆ ಬಹಳ ಮುಖ್ಯ. ಇವನು ಜೆಫರ್ಸನ್‌ನ ಗುಲಾಮ. ಸಂಬಂಧ ನೋಡಿದರೆ ಜೆಫರ್ಸನ್‌ನ ಹೆಂಡತಿಗೆ ತಮ್ಮ. ಅಪ್ಪ ಒಬ್ಬನೇ, ತಾಯಿ ಬೇರೆ. 1784ರಲ್ಲಿ ಜೆಫರ್ಸನ್ ಇವನನ್ನ ಪ್ಯಾರಿಸ್ಸಿಗೆ ಕರಕೊಂಡು ಹೋಗಿ ಫ್ರೆಂಚ್ ಅಡುಗೆ ಕಲಿಸಿದ. ದೊಡ್ಡ ಅಡುಗೆಯವನಾದ. ಬಿಡುಗಡೆ ಕೇಳಿದಾಗ, ನಿನ್ನ ಜಾಗಕ್ಕೆ ಇನ್ನೊಬ್ಬನಿಗೆ ಕಲಿಸಿಕೊಟ್ಟು ಹೋಗು ಅಂತ ಷರತ್ತು ಬಂತು. ತನ್ನ ತಮ್ಮನಿಗೇ ಕಲಿಸಿಕೊಟ್ಟು 1796ರಲ್ಲಿ ಬಿಡುಗಡೆ ಪಡೆದ.

1801ರ ಫೆಬ್ರವರಿಯಲ್ಲಿ ಅಧ್ಯಕ್ಷನ ಮನೆಗೆ ಅಡುಗೆಯವನು ಬೇಕಾಯ್ತು. ಜೆಫರ್ಸನ್ ಬಾಲ್ಟಿಮೋರಿನ ಒಬ್ಬ ಪರಿಚಿತನ ಕೈಲಿ ಹೆಮಿಂಗ್ಸ್‌ಗೆ ಹೇಳಿ ಕಳಿಸಿದ, ಬಾ ಅಂತ. ಹೆಮಿಂಗ್ಸ್ ಏನಂದ ಗೊತ್ತಾ? ಬರ್ತೀನಿ, ಆದರೆ ಕೆಲಸದ ಷರತ್ತು ಏನು, ಸಂಬಳ ಎಷ್ಟು ಅಂತ ಅವರೇ ತಮ್ಮ ಕೈಯಾರೆ ನನಗೆ ನಾಲ್ಕು ಸಾಲು ಬರೀಲಿ ಅಂದ.

ನಾಲ್ಕು ಸಾಲು, ಅಷ್ಟೇ. ಸ್ವಾತಂತ್ರ್ಯ ಘೋಷಣೆ ಬರೆದ ಕೈ ಆ ನಾಲ್ಕು ಸಾಲನ್ನ ಬರೀಲಿಲ್ಲ. ಬೇರೆ ಒಬ್ಬ ಫ್ರೆಂಚ್ ಅಡುಗೆಯವನು ಬಂದ. ಹೆಮಿಂಗ್ಸ್ ಅದೇ ವರ್ಷ ಬಾಲ್ಟಿಮೋರಿನಲ್ಲಿ ತೀರಿಕೊಂಡ. ಅದು ಆತ್ಮಹತ್ಯೆ ಅಂತ ಜೆಫರ್ಸನ್‌ಗೆ ಸುದ್ದಿ ಬಂತು.

ಗೆಳೆಯರೇ, ಹೆಮಿಂಗ್ಸ್ ಕೇಳಿದ್ದು ಭಿಕ್ಷೆ ಅಲ್ಲ, ದಯೆ ಅಲ್ಲ. ಯಾರ ಬಾಯಲ್ಲೋ ಹೇಳಿ ಕಳಿಸಿದರೆ ಓಡಿ ಬರೋ ಆಳು ನಾನಲ್ಲ, ನನ್ನ ಜೊತೆ ನೇರವಾಗಿ ಒಪ್ಪಂದ ಮಾಡಿಕೋ ಅಂದ. ಅವತ್ತಿನ ಇಡೀ ಸಮಾರಂಭದ ಸುತ್ತ ಸಮಾನತೆ ಅನ್ನೋದನ್ನ ಬಾಳಿ ತೋರಿಸಿದವನು ಯಾರು ಅಂತ ಕೇಳಿದರೆ ನಾನು ಈ ಅಡುಗೆಯವನ ಹೆಸರು ಹೇಳ್ತೀನಿ.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಿಗೆ, ಹಾಗಾದರೆ ಆ ಭಾಷಣ ಬರೀ ಬೂಟಾಟಿಕೆ, ಕಸದ ಬುಟ್ಟಿಗೆ ಹಾಕಿ ಅಂತ ಅನ್ನಿಸಬಹುದು. ನಾನು ಅದನ್ನ ಒಪ್ಪೋದಿಲ್ಲ. ಯಾಕೆ ಅಂತ ಹೇಳ್ತೀನಿ.

ಬೂಟಾಟಿಕೆ ಇತ್ತು. ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನ ಗುಲಾಮರಾಗಿ ಇಟ್ಟುಕೊಂಡಿದ್ದ. 1807ರಲ್ಲಿ ಹೊರದೇಶದಿಂದ ಗುಲಾಮರನ್ನ ತರೋದನ್ನ ನಿಷೇಧಿಸೋ ಕಾನೂನಿಗೆ ಅವನೇ ಸಹಿ ಹಾಕಿದ. ಆದರೆ ಅವನು 1826ರಲ್ಲಿ ಸತ್ತ ಮೇಲೆ, ಸಾಲ ತೀರಿಸೋದಕ್ಕೆ, ಅವನ ಮನೆ ಮುಂದೆ 130 ಜನರನ್ನ ಹರಾಜಿಗಿಟ್ಟರು. ಇದೆಲ್ಲ ದಾಖಲೆ.

ಆದರೆ ಅವನು ಬರೆದ ಮಾತು ಅವನ ಕೈ ತಪ್ಪಿ ಹೋಗಿತ್ತು. ಬೆಂಜಮಿನ್ ಬ್ಯಾನೆಕರ್ ಅಂತ ಒಬ್ಬ ಕಪ್ಪು ರೈತ ಇದ್ದ. ಸ್ವತಂತ್ರ ಮನುಷ್ಯ. ತಾನೇ ಓದಿ ಗಣಿತ, ಖಗೋಳ ಕಲಿತವನು. ವಾಷಿಂಗ್ಟನ್ ಪಟ್ಟಣದ ಎಲ್ಲೆಯ ಅಳತೆ ಮಾಡೋ ಕೆಲಸದಲ್ಲಿ 1791ರಲ್ಲಿ ಅವನೂ ಇದ್ದ. ಅದೇ ವರ್ಷ ತಾನು ಲೆಕ್ಕ ಹಾಕಿ ಬರೆದ ಪಂಚಾಂಗದ ಜೊತೆ ಜೆಫರ್ಸನ್‌ಗೆ ಒಂದು ಕಾಗದ ಬರೆದ. ಎಲ್ಲರೂ ಸಮಾನರು ಅಂತ ನೀವೇ ಬರೆದಿರಿ, ನನ್ನ ಜನರನ್ನ ಬಲವಂತದಿಂದ ಹಿಡಿದಿಟ್ಟುಕೊಂಡವರೂ ನೀವೇ ಅಂತ ಮುಖಕ್ಕೆ ಕನ್ನಡಿ ಹಿಡಿದ. ಜೆಫರ್ಸನ್ ಮರ್ಯಾದೆಯ ಉತ್ತರ ಕೊಟ್ಟ. ಬ್ಯಾನೆಕರ್ ಸತ್ತ ಮೇಲೆ, 1809ರಲ್ಲಿ, ಇನ್ನೊಬ್ಬರಿಗೆ ಬರೆದ ಕಾಗದದಲ್ಲಿ ಅವನ ಬುದ್ಧಿಶಕ್ತಿಯನ್ನೇ ಅನುಮಾನಿಸಿದ. ಇರಲಿ. ಆ ಮಾತನ್ನ ಪೂರ್ತಿ ಅರ್ಥ ಮಾಡಿಕೊಂಡವನು ಬರೆದ ಒಡೆಯ ಅಲ್ಲ, ಓದಿದ ಬ್ಯಾನೆಕರ್.

ರೊಟ್ಟಿಯ ಮಾತೂ ಅಲ್ಲಿಗೇ ನಿಲ್ಲಲಿಲ್ಲ. 64 ವರ್ಷ ಆದ ಮೇಲೆ, ಅದೇ ಮಾರ್ಚ್ 4, ಅದೇ ಕ್ಯಾಪಿಟಲ್. 1865. ಗುಲಾಮಗಿರಿಯ ಮೇಲೆ ಯುದ್ಧ ನಡೆದು ಲಕ್ಷಾಂತರ ಜನ ಸತ್ತಿದ್ದರು. ಅಬ್ರಹಾಂ ಲಿಂಕನ್ ಎರಡನೇ ಸಲ ಅಧ್ಯಕ್ಷನಾಗಿ ಭಾಷಣ ಮಾಡಿದ. ಬೇರೆಯವರ ಬೆವರಿನಿಂದ ತಮ್ಮ ರೊಟ್ಟಿ ಹಿಂಡಿಕೊಳ್ಳೋದಕ್ಕೆ ದೇವರ ಸಹಾಯ ಕೇಳೋರೂ ಇದ್ದಾರಲ್ಲ ಅಂತ ಅಂದ. ಅವತ್ತಿನ ಮೆರವಣಿಗೆಯಲ್ಲಿ ಕಪ್ಪು ಸೈನಿಕರು ನಡೆದರು. ಗುಂಪಿನಲ್ಲಿ ಫ್ರೆಡರಿಕ್ ಡಗ್ಲಾಸ್ ಇದ್ದ. 1838ರಲ್ಲಿ ಒಡೆಯನಿಂದ ತಪ್ಪಿಸಿಕೊಂಡು ಓಡಿಬಂದ ಗುಲಾಮ, ಆಮೇಲೆ ತನ್ನ ಜನರ ದೊಡ್ಡ ಮುಂದಾಳು. ಸಂಜೆ ಅಧ್ಯಕ್ಷನ ಮನೆಗೆ ಹೋದಾಗ ಬಾಗಿಲಲ್ಲಿ ಪೊಲೀಸರು ತಡೆದರು. ಅವನು ವಾಪಸ್ಸು ಬರಲಿಲ್ಲ. ಒಳಗೆ ಹೇಳಿ ಕಳಿಸಿ, ಒಳಗೆ ಹೋಗೇ ಹೋದ. ಭಾಷಣ ಹೇಗಿತ್ತು ಅಂತ ಲಿಂಕನ್ ಅವನನ್ನೇ ಕೇಳಿದ.

ಅದೇ ವರ್ಷ ಗುಲಾಮಗಿರಿ ಕಾನೂನಿನಲ್ಲಿ ರದ್ದಾಯ್ತು. ಆ ಸುದ್ದಿ ಪುಣೆಗೂ ಮುಟ್ಟಿತ್ತು. ಜೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನ, ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕಾದ ಜನರಿಗೆ ಅರ್ಪಿಸಿದರು. ದೂರದ ಕತೆ ನಮಗ್ಯಾಕೆ ಅನ್ನೋ ಪ್ರಶ್ನೆಗೆ ಅವರು ಆಗಲೇ ಉತ್ತರ ಕೊಟ್ಟಿದ್ದಾರೆ.

ಆದರೆ ಗೆದ್ದೆವು ಅಂತ ಮಲಗೋ ಹಾಗಿಲ್ಲ. 1868ರ ತಿದ್ದುಪಡಿ ಐದನೇ ಮೂರರ ನಿಯಮವನ್ನ ಅಳಿಸಿತು. ಕಪ್ಪು ಜನರನ್ನ ಪೂರಾ ಎಣಿಸೋ ಹಾಗಾಯ್ತು. 1870ರಲ್ಲಿ ಕಪ್ಪು ಗಂಡಸರಿಗೆ ಓಟೂ ಬಂತು. ಆಮೇಲೆ ದಕ್ಷಿಣದ ರಾಜ್ಯಗಳು ಏನು ಮಾಡಿದವು? ಓಟಿಗೆ ತೆರಿಗೆ, ಓದು ಬರಹದ ಪರೀಕ್ಷೆ, ಹೊಡೆತ, ಕೊಲೆ. ಓಟಿನ ಪೆಟ್ಟಿಗೆ ಹತ್ತಿರ ಸುಳಿಯೋಕೆ ಬಿಡಲಿಲ್ಲ. ಮೊದಲು ಐದಕ್ಕೆ ಮೂರು ಎಣಿಸಿ ಸೀಟು ತಗೊಳ್ತಿದ್ದವರು, ಈಗ ಐದಕ್ಕೆ ಐದೂ ಎಣಿಸಿ ತಗೊಂಡರು! ಎಣಿಕೆ ಹೆಚ್ಚಿತು, ಓಟು ಸಿಗಲಿಲ್ಲ. ಅದನ್ನ ಮುರಿಯೋದಕ್ಕೆ 1965ರ ಮತದಾನ ಹಕ್ಕಿನ ಕಾಯ್ದೆಯವರೆಗೆ ಹೋರಾಡಬೇಕಾಯ್ತು. ಆ ಕಾಯ್ದೆಯ ಒಂದು ಮುಖ್ಯ ಭಾಗವನ್ನೂ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಿಷ್ಫಲ ಮಾಡಿತು.

ಆದ್ದರಿಂದ ಈ ದಿನದಿಂದ ನಾವು ಕಲಿಯಬೇಕಾದ್ದು ಇಷ್ಟು. ಅಧಿಕಾರ ಓಟಿನಿಂದ ಬದಲಾಗೋದು ದೊಡ್ಡ ಸಂಗತಿ, ಅದನ್ನ ಬಿಟ್ಟುಕೊಡಬೇಡಿ. ಒಳ್ಳೆ ಮಾತು ಯಾರ ಬಾಯಿಂದ ಬಂದರೂ ಎತ್ತಿಟ್ಟುಕೊಳ್ಳಿ, ಆಡಿದವನ ಮುಂದೆಯೇ ಅದನ್ನ ಹಿಡೀರಿ. ಆದರೆ ಎಲ್ಲೇ ಪ್ರಮಾಣ ವಚನ ನಡೀಲಿ, ಚಪ್ಪಾಳೆ ತಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ಈ ವೇದಿಕೆ ಕಟ್ಟಿದವರಿಗೆ ಕೂಲಿ ಸಿಕ್ಕಿತಾ? ಈ ಗೆಲುವಿನ ಲೆಕ್ಕದಲ್ಲಿ ಯಾರ ತಲೆ ಎಣಿಸಿದ್ದಾರೆ, ಅವರ ಕೈಗೆ ಏನು ಬಂತು? ಬಾಗಿಲ ಆಚೆ ನಿಂತವರು ಯಾರು?

ಹರಾಜಿನ ಪಟ್ಟಿ, ಬಾಡಿಗೆ ಲೆಕ್ಕ, ಜನಗಣತಿ, ಒಬ್ಬ ಅಡುಗೆಯವನ ಮಾತನ್ನ ದಾಟಿಸಿದ ಒಂದು ಕಾಗದ. ನಾನು ಇವತ್ತು ಹೇಳಿದ್ದೆಲ್ಲ ಇಂಥ ಕಾಗದಗಳಲ್ಲಿ ಇತ್ತು. ಯಾರೋ ಹುಡುಕಿ ಓದಿದ್ದಕ್ಕೆ ಹೊರಗೆ ಬಂತು. ನಿಮ್ಮ ಕೈಗೆ ಓದು ಬಂದಿದೆ. ಓದಿ, ಲೆಕ್ಕ ಕೇಳಿ.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ. ಈಗ ನೀವು ಮಾತಾಡಿ.